ಟ್ರಾಲಿ ಬಿಟ್ಟು ನಾಲ್ಕು ದಿನ: ಗೆಳತಿಯೊಂದಿಗೆ ಹನೋಯಿಯಲ್ಲಿ

ಗಗನಸಖಿ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಹಾಗಾದ್ರೆ ನೀನು ಪ್ರಪಂಚ ಎಲ್ಲ ಸುತ್ತಿರ್ತೀಯ ಅಲ್ವಾ?" ಮದುವೆ ಮನೆಯಲ್ಲಿ, ಬ್ಯಾಂಕಿನ ಕ್ಯೂನಲ್ಲಿ, ಹಾಸನದ ಬಸ್ಸಿನಲ್ಲಿ, ಎಲ್ಲೇ ಹೋದರೂ ಇದೇ. ಹೌದು ಎಂದರೂ ಸುಳ್ಳಲ್ಲ, ಇಲ್ಲ ಎಂದರೂ ಸುಳ್ಳಲ್ಲ.

ನಮ್ಮ ಕೆಲಸದಲ್ಲಿ ಅರ್ಧ ಹಾರಾಟ ಹೋಗಿ-ಬರುವುದೇ. ಮುಂಬೈಯಿಂದ ದುಬೈಗೆ ಹೋದೆವು, ಪ್ರಯಾಣಿಕರು ಇಳಿದರು, ಕ್ಲೀನಿಂಗ್‌ನವರು ಹತ್ತಿದರು, ಒಂದು ಗಂಟೆಯಲ್ಲಿ ಹೊಸ ಪ್ರಯಾಣಿಕರು ಬಂದರು, ವಾಪಸ್ ಹೊರಟೆವು. ವಿಮಾನದ ಬಾಗಿಲು ದಾಟಿ ನಾನು ಕಾಲಿಡುವುದೇ ಇಲ್ಲ. ದುಬೈಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ, ಬುರ್ಜ್ ಖಲೀಫಾ ನೋಡಿದ್ದು ಮಾತ್ರ ಬಾಗಿಲ ಪಕ್ಕದ ಸಣ್ಣ ಕಿಟಕಿಯಿಂದ. ಉಳಿದುಕೊಳ್ಳುವ ಹಾರಾಟಗಳಲ್ಲೂ ಕಥೆ ಹೆಚ್ಚು ಬೇರೆಯಲ್ಲ. ನಡುರಾತ್ರಿ ಇಳಿದು, ಕ್ರೂ ಬಸ್ಸಿನಲ್ಲಿ ತೂಕಡಿಸುತ್ತಾ ಹೋಟೆಲಿಗೆ ಹೋಗಿ, ದಪ್ಪ ಪರದೆ ಎಳೆದು ಮಲಗಿದರೆ ಎದ್ದಾಗ ಮತ್ತೆ ಸಂಜೆ. ಲಿಪ್‌ಸ್ಟಿಕ್ ಹಚ್ಚಿ, ಜಡೆ ಬಿಗಿದು ಕೆಳಗಿಳಿಯುವಷ್ಟರಲ್ಲಿ ಬಸ್ಸು ಕಾಯುತ್ತಿರುತ್ತದೆ. ಹೀಗೆ ಎಂಟು ವರ್ಷದಲ್ಲಿ ನಾನು ಹತ್ತಾರು ದೇಶಗಳ ಹೋಟೆಲ್ ಕೋಣೆಗಳನ್ನು ಚೆನ್ನಾಗಿ ನೋಡಿದ್ದೇನೆ.

ಸಮವಸ್ತ್ರವಿಲ್ಲದೆ, ಸ್ವಂತ ರಜೆಯಲ್ಲಿ, ಸ್ವಂತ ದುಡ್ಡಿನಲ್ಲಿ ಒಂದು ಊರನ್ನು ನೋಡಲೆಂದೇ ನಾನು ವಿದೇಶಕ್ಕೆ ಹೋಗಿದ್ದು ಕಳೆದ ನವೆಂಬರಿನಲ್ಲಿ, ಮೊದಲ ಸಲ. ಊರು ವಿಯೆಟ್ನಾಂನ ರಾಜಧಾನಿ ಹನೋಯಿ. ಜೊತೆಗಿದ್ದವಳು ಆರು ವರ್ಷದಿಂದ ಅಂಧೇರಿಯಲ್ಲಿ ನನ್ನ ಜೊತೆ ಮನೆ ಹಂಚಿಕೊಂಡಿದ್ದ ಗೆಳತಿ.

ವಿಯೆಟ್ನಾಂ ಯಾಕೆ?

ಅವಳು ಸಕಲೇಶಪುರದ ಕಡೆಯವಳು. ಹಾಸನದಲ್ಲಿ ಕಾಲೇಜು ಒಟ್ಟಿಗೆ ಓದಿದೆವು. ನಾನು ವಿಮಾನ ಹತ್ತಿದೆ, ಅವಳು ಪರೀಕ್ಷೆ ಬರೆದು ಬ್ಯಾಂಕ್ ಅಧಿಕಾರಿಯಾಗಿ ಮುಂಬೈಗೆ ಬಂದಳು. ಊರಲ್ಲಿ ಏಳು ಎಕರೆ ಕಾಫಿ ತೋಟ, ಅರ್ಧ ಅರೇಬಿಕಾ, ಅರ್ಧ ರೊಬಸ್ಟಾ. ಅಮ್ಮ ಇಲ್ಲ, ಅಪ್ಪ ಒಬ್ಬರೇ. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಆನೆಗಳು ಮನೆಯ ಹಿತ್ತಲ ತನಕ ಬಂದು ಬಾಳೆ ಮುರಿದು ಹೋದವು. ಆ ಕಡೆಯವರಿಗೆ ಇದೇನು ಹೊಸದಲ್ಲ. ಆದರೆ ಬೆಳಗ್ಗೆ ಫೋನಿನಲ್ಲಿ ಅಪ್ಪ "ಏನೂ ಆಗಿಲ್ಲ ಪುಟ್ಟಿ, ನೀನು ಆಫೀಸಿಗೆ ಹೋಗು" ಎಂದ ದನಿ ಇವಳಿಗೆ ಸರಿ ಕಾಣಲಿಲ್ಲ. ಮೂರು ತಿಂಗಳು ಯೋಚಿಸಿ ರಾಜೀನಾಮೆ ಕೊಟ್ಟಳು. ಡಿಸೆಂಬರ್ ಕೊನೆಗೆ ಊರು ಸೇರುವುದೆಂದು ನಿಶ್ಚಯವಾಯಿತು.

"ಹೋಗೋ ಮುಂಚೆ ಒಂದು ಸಲ ಫಾರಿನ್ ನೋಡ್ಬೇಕು ಕಣೇ. ಆಮೇಲೆ ತೋಟ ಬಿಟ್ಟು ಎಲ್ಲಿಗೂ ಬರೋಕಾಗಲ್ಲ" ಅಂದಳು. ಎಲ್ಲಿಗೆ ಅಂತ ಕೇಳಿದರೆ ಯೋಚಿಸದೆ ವಿಯೆಟ್ನಾಂ ಎಂದಳು. ಕಾಫಿ ಬೆಳೆಗಾರರ ಮನೆಯವರಿಗೆ ಕಾರಣ ಹೇಳಬೇಕಿಲ್ಲ. ಬ್ರೆಜಿಲ್ ಬಿಟ್ಟರೆ ಪ್ರಪಂಚದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಅದು. ರೊಬಸ್ಟಾದಲ್ಲಂತೂ ಅದೇ ಮೊದಲು. ಇಡೀ ಭಾರತ ಬೆಳೆಯುವ ಕಾಫಿಯ ನಾಲ್ಕು ಪಟ್ಟಿಗಿಂತ ಹೆಚ್ಚು ಅಲ್ಲಿ ಬೆಳೆಯುತ್ತದೆ. ಅಲ್ಲಿ ಬರ ಬಿದ್ದರೆ ಇಲ್ಲಿ ಬೆಲೆ ಏರುತ್ತದೆ. 2024ರಲ್ಲಿ ನಮ್ಮ ರೊಬಸ್ಟಾಕ್ಕೆ ಕಂಡು ಕೇಳರಿಯದ ಬೆಲೆ ಬಂದದ್ದಕ್ಕೆ ಅಲ್ಲಿನ ಬರವೂ ಒಂದು ಕಾರಣ. "ನಮ್ಮಪ್ಪ ದಿನಾ ಬೆಳಗ್ಗೆ ಮೊದಲು ನಮ್ಮೂರ ಮಳೆ ನೋಡ್ತಾರೆ, ಆಮೇಲೆ ಫೋನಲ್ಲಿ ವಿಯೆಟ್ನಾಂ ಮಳೆ ನೋಡ್ತಾರೆ" ಅನ್ನುತ್ತಿದ್ದಳು.

ಸ್ಟ್ಯಾಂಡ್‌ಬೈ ಎಂಬ ಜೂಜು

ಅವಳು ಪೂರ್ತಿ ದುಡ್ಡು ಕೊಟ್ಟು ಟಿಕೆಟ್ ತೆಗೆದಳು. ನನ್ನದು ಸ್ಟಾಫ್ ಟಿಕೆಟ್. ವಿಮಾನ ಕಂಪನಿಗಳ ನಡುವೆ ಒಪ್ಪಂದ ಇರುತ್ತದೆ, ಒಬ್ಬರ ಸಿಬ್ಬಂದಿ ಇನ್ನೊಬ್ಬರ ವಿಮಾನದಲ್ಲಿ ಕಡಿಮೆ ದರಕ್ಕೆ ಹೋಗಬಹುದು. ಷರತ್ತು ಒಂದೇ: ಸೀಟು ಉಳಿದರೆ ಮಾತ್ರ. ಚೆಕ್-ಇನ್ ಮುಚ್ಚುವ ತನಕ ಕೌಂಟರಿನ ಪಕ್ಕ ನಿಂತು ಕಾಯಬೇಕು. ನೆಂಟರಿಗೆಲ್ಲ "ನಿಮಗೇನಮ್ಮ, ಪುಕ್ಕಟೆ ವಿಮಾನ" ಅನ್ನುವ ಅಸೂಯೆ. ಪುಕ್ಕಟೆಯೂ ಅಲ್ಲ, ಗ್ಯಾರಂಟಿಯೂ ಅಲ್ಲ.

ಹೋಗುವಾಗ ಅದೃಷ್ಟ ಚೆನ್ನಾಗಿತ್ತು, ಸೀಟು ಸಿಕ್ಕಿತು. ಪ್ರಯಾಣಿಕಳಾಗಿ ಕೂತರೂ ಅಭ್ಯಾಸ ಬಿಡಬೇಕಲ್ಲ. ಕೂತ ಕೂಡಲೇ ಹತ್ತಿರದ ತುರ್ತು ಬಾಗಿಲು ಎಷ್ಟು ಸಾಲಿನ ಹಿಂದಿದೆ ಅಂತ ಎಣಿಸಿದೆ. ವಿಮಾನ ರನ್‌ವೇ ಮೇಲೆ ಓಡುವಾಗ ನಾವು ಕ್ರೂ ಸೀಟಿನಲ್ಲಿ ಕೂತು ಮನಸ್ಸಲ್ಲೇ ಒಂದು ಪಾಠ ಒಪ್ಪಿಸಿಕೊಳ್ಳುತ್ತೇವೆ. ಬೆಂಕಿ ಕಂಡರೆ ಏನು, ಬಾಗಿಲು ಹೇಗೆ ತೆರೆಯಬೇಕು, ಏನೆಂದು ಕೂಗಬೇಕು ಅಂತ ಸುಮಾರು ಮೂವತ್ತು ಸೆಕೆಂಡಿನ ಲೆಕ್ಕ. ಅವತ್ತೂ ಒಪ್ಪಿಸಿದೆ. ಊಟ ಆದ ಮೇಲೆ ಅಕ್ಕಪಕ್ಕದವರ ತಟ್ಟೆಗಳನ್ನೂ ಒಂದರ ಮೇಲೊಂದು ಜೋಡಿಸಿಟ್ಟೆ. ಗೆಳತಿ ನನ್ನ ಕೈಗೆ ಮೆಲ್ಲಗೆ ಒಂದು ಏಟು ಕೊಟ್ಟಳು.

ಸರಕಿನ ಹೆಸರಿನ ಬೀದಿಗಳು

ಮುಂಬೈಯಿಂದ ಸುಮಾರು ಐದು ಗಂಟೆಯ ಹಾರಾಟ. ಗಡಿಯಾರ ಒಂದೂವರೆ ಗಂಟೆ ಮುಂದೆ. ನೋಯಿ ಬಾಯಿ ವಿಮಾನ ನಿಲ್ದಾಣದಿಂದ ಕಿತ್ತಳೆ ಬಣ್ಣದ 86ನೇ ನಂಬರ್ ಬಸ್ಸು ನೇರ ಹಳೇ ಊರಿನ ಹತ್ತಿರಕ್ಕೆ ಬಿಡುತ್ತದೆ. ತಲೆಗೆ 45 ಸಾವಿರ ಡಾಂಗ್ ಕೊಟ್ಟೆವು. ಬೆಚ್ಚಬೇಡಿ, ಒಂದು ರೂಪಾಯಿಗೆ ಸುಮಾರು 300 ಡಾಂಗ್, ಅಂದರೆ ನೂರೈವತ್ತು ರೂಪಾಯಿ. ಬ್ಯಾಂಕಿನವಳು ಜೊತೆಗಿದ್ದದ್ದು ಇಲ್ಲಿ ಉಪಯೋಗಕ್ಕೆ ಬಂತು. 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ, ಎರಡರ ಮೇಲೂ ಹೋ ಚಿ ಮಿನ್ ಅವರ ಚಿತ್ರ. ಅವಳು ಎರಡನ್ನೂ ಬೇರೆ ಬೇರೆ ಜೇಬಿಗೆ ಹಾಕಿ "ಕ್ಯಾಶ್ ನನ್ನ ಹತ್ರ ಇರಲಿ" ಎಂದಳು.

ಹಳೇ ಊರನ್ನು 36 ಬೀದಿಗಳ ಊರು ಅನ್ನುತ್ತಾರೆ. ಬಹುತೇಕ ಬೀದಿಗಳ ಹೆಸರು 'ಹಾಂಗ್' ಎಂದು ಶುರುವಾಗುತ್ತದೆ. ಹಾಗೆಂದರೆ ಸರಕು. ಹಾಂಗ್ ಬಾಕ್ ಬೆಳ್ಳಿಯ ಬೀದಿ, ಹಾಂಗ್ ಮುಯಿ ಉಪ್ಪಿನ ಬೀದಿ, ಹಾಂಗ್ ಬೋಂಗ್ ಹತ್ತಿಯ ಬೀದಿ. ನಮ್ಮ ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ, ತರಗುಪೇಟೆ ನೆನಪಾಗದೆ ಇರುತ್ತದೆಯೇ? ಕೆಲವು ಬೀದಿಗಳಲ್ಲಿ ಹೆಸರು ಉಳಿದು ಸರಕು ಬದಲಾಗಿದೆ. ಕೆಲವು ಇನ್ನೂ ಹಾಗೇ ಇವೆ. ಹಾಂಗ್ ಮಾ ಬೀದಿಯಲ್ಲಿ ಹಿರಿಯರಿಗೆ ಸುಟ್ಟು ಅರ್ಪಿಸುವ ಕಾಗದದ ಸಾಮಾನು, ಹಬ್ಬದ ಅಲಂಕಾರ ಇಂದಿಗೂ ಮಾರುತ್ತಾರೆ. ಲಾನ್ ಓಂಗ್ ಬೀದಿಗೆ ತಿರುಗಿದರೆ ಗಿಡಮೂಲಿಕೆಗಳ ವಾಸನೆಯೇ ದಾರಿ ತೋರಿಸುತ್ತದೆ, ಥೇಟ್ ನಮ್ಮ ಗ್ರಂಥಿಗೆ ಅಂಗಡಿ.

ರಸ್ತೆ ದಾಟುವುದೇ ಇಲ್ಲಿ ದೊಡ್ಡ ಪರೀಕ್ಷೆ. ಹತ್ತು ಕೋಟಿ ಜನರ ದೇಶದಲ್ಲಿ ನೋಂದಾಯಿತ ಬೈಕ್‌ಗಳೇ ಏಳು ಕೋಟಿಗೂ ಹೆಚ್ಚು. ಅವು ನಿಲ್ಲುವುದಿಲ್ಲ, ನೀವೂ ನಿಲ್ಲಬಾರದು. ಓಡಬಾರದು, ಹಿಂದೆ ಸರಿಯಬಾರದು. ಒಂದೇ ವೇಗದಲ್ಲಿ ನಿಧಾನವಾಗಿ ನಡೆದರೆ ಬೈಕ್‌ಗಳು ಎರಡೂ ಕಡೆ ನೀರಿನಂತೆ ಸರಿದು ಹೋಗುತ್ತವೆ. ಹೋಟೆಲಿನ ಹುಡುಗ ಹೇಳಿಕೊಟ್ಟ ಈ ಸೂತ್ರ ಮೊದಲ ಸಲಕ್ಕೇ ಕೆಲಸ ಮಾಡಿತು. ದಾದರ್‌ನಲ್ಲಿ ರಸ್ತೆ ದಾಟುವವರಿಗೆ ಇದೇನು ಮಹಾ ಅಂತ ನೀವು ಕೇಳಬಹುದು. ಬಂದು ನೋಡಿ.

ಸ್ಟೀಲ್ ಫಿಲ್ಟರಿನ ತಮ್ಮ

ವಿಯೆಟ್ನಾಂಗೆ ಕಾಫಿ ಬಂದದ್ದು 1857ರಲ್ಲಿ, ಫ್ರೆಂಚ್ ಪಾದ್ರಿಗಳ ಜೊತೆ. ಬಾಬಾಬುಡನ್‌ಗಿರಿಯ ಕಥೆ ಕೇಳಿ ಬೆಳೆದ ನಮಗೆ ಅದು ತೀರಾ ಇತ್ತೀಚಿನದು. ಅವರ ಫಿಲ್ಟರಿನ ಹೆಸರು ಫಿನ್. ನಮ್ಮ ಸ್ಟೀಲ್ ಫಿಲ್ಟರಿನ ಚಿಕ್ಕ ತಮ್ಮನಂತಿದೆ. ಲೋಟದ ಮೇಲೆ ಕೂರಿಸಿ, ಪುಡಿ ಹಾಕಿ, ಮೇಲೊಂದು ತೂತಿನ ಬಿಲ್ಲೆ ಇಟ್ಟು ಬಿಸಿನೀರು ಸುರಿದರೆ ಹನಿ ಹನಿಯಾಗಿ ಡಿಕಾಕ್ಷನ್ ಇಳಿಯುತ್ತದೆ. ಕೆಳಗೆ ಮಂದ ಸಿಹಿ ಹಾಲು. ಚಿಕೋರಿ ಇಲ್ಲ.

ಗೆಳತಿ ಮೊದಲ ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದಳು. "ರೊಬಸ್ಟಾನೇ. ತುಂಬಾ ಹುರಿದಿದ್ದಾರೆ. ಬೆಣ್ಣೆ ಹಾಕಿ ಹುರೀತಾರಂತೆ, ಆ ವಾಸನೆ ನೋಡು" ಎಂದಳು. ಅವಳ ಜೊತೆ ಆರು ವರ್ಷ ಕಾಫಿ ಕುಡಿದಿದ್ದೇನೆ, ಅವಳಿಗೆ ಇಷ್ಟು ಗೊತ್ತು ಅಂತ ನನಗೆ ಗೊತ್ತಿರಲಿಲ್ಲ. ಮುಂಬೈಯಲ್ಲಿ ನಮ್ಮ ಮಾತೆಲ್ಲ ಬಾಡಿಗೆ, ಲೋಕಲ್ ರೈಲು, ನನ್ನ ರೋಸ್ಟರ್, ಅವಳ ಬ್ಯಾಂಕಿನ ಟಾರ್ಗೆಟ್ ಇವುಗಳಲ್ಲೇ ಮುಗಿಯುತ್ತಿತ್ತು.

ಹನೋಯಿಯ ಮೊಟ್ಟೆ ಕಾಫಿ ಪ್ರಸಿದ್ಧ. 1946ರಲ್ಲಿ ಹಾಲಿಗೆ ಬರ ಬಂದಾಗ, ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ನ್ಗುಯೆನ್ ವಾನ್ ಜಾಂಗ್ ಎಂಬುವರು ಹಾಲಿನ ಬದಲು ಮೊಟ್ಟೆಯ ಹಳದಿಯನ್ನು ಸಕ್ಕರೆ ಜೊತೆ ನೊರೆ ಬರುವ ತನಕ ಕಡೆದು ಕಾಫಿಯ ಮೇಲೆ ಹಾಕಿದರು. ಅವರ ಹೆಸರಿನ ಕೆಫೆ ಇಂದಿಗೂ ಇದೆ. ಕಿರಿದಾದ ಓಣಿಯೊಳಗೆ ನುಗ್ಗಿ, ಗಿಡ್ಡ ಸ್ಟೂಲಿನ ಮೇಲೆ ಮಂಡಿ ಮಡಚಿ ಕೂರಬೇಕು. ಕಾರ್ತಿಕ ಮಾಸವಾದ್ದರಿಂದ ಅವಳು ಮಾಂಸ, ಮೊಟ್ಟೆ ಬಿಟ್ಟಿದ್ದಳು. ಹಾಗಾಗಿ ಮೊಟ್ಟೆ ಕಾಫಿ ನನಗೆ, ಬರೀ ಕಾಫಿ ಅವಳಿಗೆ. ನೊರೆಯನ್ನು ಚಮಚದಲ್ಲಿ ತಿಂದೆ. ಕಾಫಿಗಿಂತ ಸಿಹಿತಿಂಡಿ ಎನ್ನುವುದೇ ಸರಿ.

ಅಷ್ಟರಲ್ಲಿ ಸಕಲೇಶಪುರದಿಂದ ಫೋನು. ಅಪ್ಪನದು ಮೊದಲ ಪ್ರಶ್ನೆ, "ಅಲ್ಲಿ ಮಳೆ ಹಿಡ್ಕೊಂಡಿದ್ಯಾ ಪುಟ್ಟಿ?" ಅದು ಅಲ್ಲಿ ಕಾಫಿ ಕುಯ್ಲಿನ ಕಾಲ, ಮಳೆ ಬಂದರೆ ಕಣದಲ್ಲಿ ಹಣ್ಣು ಒಣಗುವುದಿಲ್ಲ. "ಅಪ್ಪಾ, ಇದು ಹನೋಯಿ. ಕಾಫಿ ತೋಟ ಇರೋದು ದಕ್ಷಿಣದ ಗುಡ್ಡದಲ್ಲಿ, ಇಲ್ಲಿಂದ ಸಾವಿರ ಕಿಲೋಮೀಟ್ರು" ಎಂದಳು. ಆ ಕಡೆಯಿಂದ, "ಆದ್ರೂ ಒಂದು ಸಲ ಕೇಳಿ ನೋಡು." ಅವಳು ನಿಜವಾಗಿಯೂ ಎದ್ದು ಹೋಗಿ ಕೆಫೆಯ ಹುಡುಗಿಯನ್ನು ಕೇಳಿ ಬಂದಳು. ಆ ಹುಡುಗಿಗೆ ಪಾಪ, ನಗುವುದೋ ಬಿಡುವುದೋ ತಿಳಿಯಲಿಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. 'ಚಾಯ್' ಎಂದರೆ ಅಲ್ಲಿ ಚಹಾ ಅಲ್ಲ, ಸಸ್ಯಾಹಾರ. 'ಕಾಮ್ ಚಾಯ್' ಎಂದು ಬರೆದ ಹೋಟೆಲಿನಲ್ಲಿ ಅನ್ನ, ತೋಫು, ಸೊಪ್ಪು, ಅಣಬೆ ಸಿಗುತ್ತದೆ. ಬೇರೆ ಕಡೆ ಮೀನಿನ ರಸ ಬೀಳದ ಪದಾರ್ಥ ಕಡಿಮೆ. ಬೌದ್ಧ ಮನೆಗಳಲ್ಲಿ ಚಾಂದ್ರಮಾನ ತಿಂಗಳ ಒಂದನೇ ಮತ್ತು ಹದಿನೈದನೇ ದಿನ ಮಾಂಸ ಮುಟ್ಟದವರು ಅನೇಕರಿದ್ದಾರೆ. ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಯೇ. ಕಾರ್ತಿಕದ ವಿಷಯ ಹೇಳಿದಾಗ ಹೋಟೆಲಿನ ಅಜ್ಜಿ ತಲೆಯಾಡಿಸಿ ಇನ್ನೊಂದು ಸೌಟು ಅನ್ನ ಬಡಿಸಿದರು.

ಪಾಸಾದವರಿಗೆ ಶಾಸನ

ಶನಿವಾರ ವಾನ್ ಮಿಯು ನೋಡಿದೆವು. 1070ರಲ್ಲಿ ಕನ್‌ಫ್ಯೂಶಿಯಸ್‌ನ ಹೆಸರಲ್ಲಿ ಕಟ್ಟಿದ ಸಾಹಿತ್ಯ ಮಂದಿರ. ಆರು ವರ್ಷದ ನಂತರ ಅಲ್ಲೇ ರಾಜವಿದ್ಯಾಲಯವೂ ಶುರುವಾಯಿತು. ಅಂಗಳದಲ್ಲಿ ಕಲ್ಲಿನ ಆಮೆಗಳ ಬೆನ್ನ ಮೇಲೆ 82 ಶಾಸನಗಳು ನಿಂತಿವೆ. 1442ರಿಂದ 1779ರ ತನಕ ನಡೆದ ಅತ್ಯುನ್ನತ ರಾಜಪರೀಕ್ಷೆಗಳಲ್ಲಿ ತೇರ್ಗಡೆಯಾದ 1300ಕ್ಕೂ ಹೆಚ್ಚು ಜನರ ಹೆಸರು, ಊರು ಅವುಗಳ ಮೇಲಿದೆ. ಯುನೆಸ್ಕೊ ಇವನ್ನು ವಿಶ್ವದ ಸ್ಮರಣ ದಾಖಲೆಗಳ ಪಟ್ಟಿಗೆ ಸೇರಿಸಿದೆ.

ನಮ್ಮೂರ ಕಡೆ ಕೆರೆ ಏರಿಯ ಮೇಲೆ ವೀರಗಲ್ಲು ನೋಡಿದ್ದೇವೆ, ಮಾಸ್ತಿಗಲ್ಲು ನೋಡಿದ್ದೇವೆ. ಸತ್ತವರಿಗೆ ಕಲ್ಲು. ಇಲ್ಲಿ ಪರೀಕ್ಷೆ ಪಾಸಾದವರಿಗೆ ಕಲ್ಲು. ಸುತ್ತ ಪದವಿಯ ಗೌನು ತೊಟ್ಟ ಹುಡುಗ ಹುಡುಗಿಯರು ಟೋಪಿ ಹಾರಿಸಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಗೆಳತಿ ಒಂದು ಆಮೆಯ ಮುಂದೆ ಸುಮಾರು ಹೊತ್ತು ನಿಂತಳು. "ಬ್ಯಾಂಕ್ ಪರೀಕ್ಷೆ ಪಾಸಾದಾಗ ಅಪ್ಪ ಇಡೀ ಲೈನ್ ಮನೆಗಳಿಗೆ ಲಾಡು ಹಂಚಿದ್ರು ಕಣೇ. ರಾಜೀನಾಮೆ ಕೊಟ್ಟೆ ಅಂತ ಹೇಳಿದಾಗ ಒಂದು ಮಾತೂ ಆಡ್ಲಿಲ್ಲ. ಖುಷಿನೋ ಬೇಜಾರೋ ಇನ್ನೂ ಗೊತ್ತಿಲ್ಲ" ಎಂದಳು.

ನಾನು ಏನು ಹೇಳಲಿ? ಮುಂಬೈ ಬಿಟ್ಟು ಊರಿಗೆ ಹೋಗುವವರನ್ನು ನಾವೆಲ್ಲ ಎರಡು ತಕ್ಕಡಿಯಲ್ಲಿ ತೂಗುತ್ತೇವೆ. ಎದುರಿಗೆ "ನೀನೇ ಅದೃಷ್ಟವಂತೆ" ಅನ್ನುತ್ತೇವೆ, ಹಿಂದೆ "ಪಾಪ, ಇಲ್ಲಿ ಆಗಲಿಲ್ಲ" ಅನ್ನುತ್ತೇವೆ. ಅವಳಿಗೆ ಇಲ್ಲಿ ಎಲ್ಲ ಆಗಿತ್ತು, ಬಡ್ತಿಯೂ ಬಂದಿತ್ತು. ಅಲ್ಲಿ ಕಾಯುತ್ತಿರುವುದು ಕೂಲಿಯಾಳಿನ ಕೊರತೆ, ಆನೆ, ಯಾವಾಗ ಬೀಳುತ್ತದೋ ತಿಳಿಯದ ಬೆಲೆ. ಎಲ್ಲ ಲೆಕ್ಕ ಹಾಕಿದ ಮೇಲೇ ಅವಳು ಹೊರಟಿದ್ದು.

ಸಂಜೆ ಹೋಆನ್ ಕಿಯೆಮ್ ಸರೋವರದ ಸುತ್ತ ನಡೆದೆವು. ಶುಕ್ರವಾರ ಸಂಜೆಯಿಂದ ಭಾನುವಾರದ ತನಕ ಅಲ್ಲಿ ವಾಹನಗಳಿಗೆ ಪ್ರವೇಶವಿಲ್ಲ. ಮಕ್ಕಳು ಆಟದ ಕಾರು ಓಡಿಸುತ್ತಾರೆ, ಅಜ್ಜ ಅಜ್ಜಿಯರು ಹಾಡು ಹಾಕಿಕೊಂಡು ಜೋಡಿಯಾಗಿ ಕುಣಿಯುತ್ತಾರೆ. ಒಂಬತ್ತು ಗಂಟೆಗೆ ಎಲ್ಲಿಗೂ ಓಡಬೇಕಾಗಿರಲಿಲ್ಲ ಎಂಬುದೇ ನನಗೆ ವಿಚಿತ್ರವಾಗಿತ್ತು.

ಕಾಲಲ್ಲಿ ಹುಟ್ಟು ಹಾಕುವ ಅಕ್ಕ

ಭಾನುವಾರ ರೈಲು ಹತ್ತಿ ಎರಡು ಗಂಟೆಗೂ ಸ್ವಲ್ಪ ಹೆಚ್ಚು ದೂರದ ನಿನ್ ಬಿನ್‌ಗೆ ಹೋದೆವು. ಅಲ್ಲಿಂದ ಹತ್ತಿರದ ತಾಮ್ ಕೋಕ್‌ನಲ್ಲಿ ಸುಣ್ಣಕಲ್ಲಿನ ಕಡಿದಾದ ಗುಡ್ಡಗಳ ನಡುವೆ ಹೊಳೆ ಹರಿಯುತ್ತದೆ. ದೋಣಿ ಮೂರು ಗುಹೆಗಳ ಅಡಿಯಲ್ಲಿ ನುಸುಳಿ ಹೋಗಿ ಬರುತ್ತದೆ. ಈ ಪ್ರದೇಶ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ನವೆಂಬರಿನಲ್ಲಿ ಗದ್ದೆಗಳು ಬರೀ ನೀರು. ತೆನೆ ನೋಡಬೇಕೆಂದರೆ ಮೇ ಕೊನೆಗೆ ಹೋಗಬೇಕು.

ನಮ್ಮ ದೋಣಿ ನಡೆಸಿದ್ದು ಐವತ್ತರ ಆಸುಪಾಸಿನ ಹೆಂಗಸು. ಹಿಂದಕ್ಕೆ ಒರಗಿ ಕೂತು ಎರಡೂ ಪಾದಗಳಲ್ಲಿ ಹುಟ್ಟು ಹಿಡಿದು ಸೈಕಲ್ ತುಳಿದ ಹಾಗೆ ದೋಣಿ ಓಡಿಸುತ್ತಾರೆ. ಕೈಗಳಿಗೆ ಬಿಡುವು. ಫೋನಿನ ಅನುವಾದ ಹಿಡಿದು ಮಾತಾಡಿದೆವು. ಸರದಿ ಪ್ರಕಾರ ದೋಣಿ ಬಿಡುತ್ತಾರಂತೆ. ಸರದಿ ಇಲ್ಲದ ದಿನ ಗದ್ದೆ ಕೆಲಸ. ಮಗಳು ಹನೋಯಿಯಲ್ಲಿ ನೌಕರಿಯಲ್ಲಿದ್ದಾಳಂತೆ.

ದಾರಿಯ ಕೊನೆಯ ಗುಹೆ ದಾಟಿದ ಮೇಲೆ ಚೀಲ ಬಿಚ್ಚಿ ಕಸೂತಿ ಹಾಕಿದ ಮೇಜಿನ ಬಟ್ಟೆಗಳನ್ನು ಒಂದೊಂದಾಗಿ ಹರಡಿದರು. ಹಾಗೆ ಹರಡುವಾಗ ಅವರ ಮುಖದಲ್ಲಿ ಬಂದ ನಗು ನನಗೆ ಚೆನ್ನಾಗಿ ಗೊತ್ತು. ವಿಮಾನದಲ್ಲಿ ಊಟದ ಟ್ರಾಲಿ ಹೋದ ಮೇಲೆ ಪರ್ಫ್ಯೂಮ್, ಕೈಗಡಿಯಾರದ ಟ್ರಾಲಿ ತಳ್ಳಿಕೊಂಡು ಬರುವಾಗ ನಾನೂ ಹಾಗೇ ನಗುತ್ತೇನೆ. ಕೊಂಡರೂ ನಗು, ಕೊಳ್ಳದಿದ್ದರೂ ನಗು. ಆ ನಗು ಸುಳ್ಳಲ್ಲ, ಆದರೆ ಅದು ಕೆಲಸ. ಬೆನ್ನು ನೋವಿದ್ದರೂ, ಹಿಂದಿನ ರಾತ್ರಿ ನಿದ್ದೆ ಇಲ್ಲದಿದ್ದರೂ ಮಾಡಬೇಕಾದ ಕೆಲಸ.

ಸುಮ್ಮನೆ ಕೂರಲಾಗದೆ ಪಕ್ಕದಲ್ಲಿದ್ದ ಸಣ್ಣ ಹುಟ್ಟು ಎತ್ತಿಕೊಂಡು ನಾನೂ ನೀರು ತಳ್ಳತೊಡಗಿದೆ. ಆಕೆ ಜೋರಾಗಿ ನಕ್ಕರು. ಇದು ಬೇರೆ ನಗು. ಗೆಳತಿ ಹುಟ್ಟನ್ನು ಕಿತ್ತಿಟ್ಟಳು. "ಕೂತ್ಕೋ ಕಣೇ ಸುಮ್ನೆ. ಅವರ ಕೆಲಸ ಅವರು ಮಾಡ್ಲಿ. ಇವತ್ತು ನೀನು ಪ್ಯಾಸೆಂಜರ್ರು."

ಕೂತೆ. ಗುಡ್ಡದ ನೆರಳು ನೀರಲ್ಲಿ, ಹುಟ್ಟಿನ ಸಪ್ಪಳ, ಮೇಕೆಯೊಂದು ಬಂಡೆಯ ಮೇಲೆ. ಅರ್ಧ ಗಂಟೆ ಯಾರಿಗೂ ಏನೂ ಬೇಕೇ ಅಂತ ಕೇಳದೆ ಕೂತಿದ್ದೆ. ಇಳಿಯುವಾಗ ಅವಳು ಎರಡು ಮೇಜಿನ ಬಟ್ಟೆ ಕೊಂಡಳು, ನಾನು ಭಕ್ಷೀಸು ಕೊಟ್ಟೆ. ನನಗೆ ಯಾರಾದರೂ ಕಣ್ಣು ನೋಡಿ ಥ್ಯಾಂಕ್ಯೂ ಅಂದರೆ ಎಷ್ಟು ಹಿತವೆಂದು ಗೊತ್ತಿರುವುದರಿಂದ, 'ಕಾಮ್ ಓನ್' ಎಂಬ ಅವರ ಧನ್ಯವಾದದ ಮಾತನ್ನು ಮೂರು ಸಲ ಕಲಿತು ಹೇಳಿದೆ.

ಬೇರೆ ಬೇರೆ ಗೇಟು

ಹೋಗುವವರಿಗೆ ಒಂದೆರಡು ಮಾತು. ಇ-ವೀಸಾವನ್ನು ಸರ್ಕಾರಿ ಜಾಲತಾಣದಲ್ಲೇ ತೆಗೆದುಕೊಳ್ಳಿ, ಒಂದು ಸಲದ ಪ್ರವೇಶಕ್ಕೆ 25 ಡಾಲರ್, 90 ದಿನದ ತನಕ ಸಿಗುತ್ತದೆ. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ. ಮತ್ತೆ, ಸ್ಟಾಫ್ ಟಿಕೆಟ್ಟಿನವರು ಸ್ವಂತ ದುಡ್ಡಿನ ಒಂದು ಟಿಕೆಟ್ಟಿಗಾಗುವಷ್ಟು ಹಣವನ್ನು ಬೇರೆ ತೆಗೆದಿಡಿ.

ಅದು ನಮಗೇ ಬೇಕಾಯಿತು. ವಾಪಸ್ ಬರುವ ವಿಮಾನ ಭರ್ತಿ ಎಂದು ಭಾನುವಾರ ರಾತ್ರಿಯೇ ಗೊತ್ತಾಯಿತು. ನನಗೆ ಬುಧವಾರ ಬೆಳಗ್ಗೆ ಡ್ಯೂಟಿ, ಅದಕ್ಕೆ ಮುಂಚೆ ವಿಶ್ರಾಂತಿಯೂ ಆಗಬೇಕು. ತೆಗೆದಿಟ್ಟ ಹಣದಲ್ಲಿ ಬ್ಯಾಂಕಾಕ್ ಮೇಲಿಂದ ಟಿಕೆಟ್ ತೆಗೆದೆ. ಅವಳು ನೇರ ವಿಮಾನದಲ್ಲಿ, ನಾನು ಸುತ್ತು ಬಳಸಿ.

ಸೋಮವಾರ ಬೆಳಗ್ಗೆ ಇನ್ನೂ ಸಮಯವಿತ್ತು. ಕೆಂಪು ನದಿಯ ಮೇಲಿನ ಲಾಂಗ್ ಬಿಯೆನ್ ಸೇತುವೆಗೆ ಹೋದೆವು. ಫ್ರೆಂಚರು 1899ರಿಂದ 1902ರ ನಡುವೆ ಕಟ್ಟಿದ ಕಬ್ಬಿಣದ ಸೇತುವೆ. ಅಮೆರಿಕದ ಬಾಂಬುಗಳು ಮತ್ತೆ ಮತ್ತೆ ಕೆಡವಿದವು, ಇವರು ಮತ್ತೆ ಮತ್ತೆ ಕಟ್ಟಿದರು. ಕೆಲವು ಕಮಾನುಗಳು ಇವೆ, ಕೆಲವು ಇಲ್ಲ. ನಡುವೆ ರೈಲು, ಪಕ್ಕದಲ್ಲಿ ಬೈಕು, ಅಂಚಿನಲ್ಲಿ ನಾವು. ಕೆಳಗೆ ನದಿಯ ದ್ವೀಪದಲ್ಲಿ ಬಾಳೆ ತೋಟ.

ಅಲ್ಲಿ ಅವಳು ಕೇಳಿದಳು, "ನೀನ್ ಯಾವಾಗ ಊರಿಗೆ ಬರ್ತೀಯ?" ಹಬ್ಬಕ್ಕೆ ಬರುತ್ತೇನಲ್ಲ ಎಂದೆ. "ಹಬ್ಬಕ್ಕಲ್ಲ" ಎಂದಳು. ನನಗೆ ಮೂವತ್ತೊಂದು. ಹಾಸನದಲ್ಲಿ ಅಮ್ಮ ಇದ್ದಾರೆ. ವಿಮಾನ ಇಳಿದ ಮೇಲೆ ನನಗೆ ಬರುವ ಬೇರೆ ವಿದ್ಯೆ ಯಾವುದು ಎಂದು ನಾನೇ ಎಷ್ಟೋ ರಾತ್ರಿ ಕೇಳಿಕೊಂಡಿದ್ದೇನೆ. ರೈಲು ಬಂತು, ಸೇತುವೆ ನಡುಗಿತು, ಮಾತು ಕೇಳಿಸದಾಯಿತು. ಅವಳು ಮತ್ತೆ ಕೇಳಲಿಲ್ಲ.

ನೋಯಿ ಬಾಯಿಯಲ್ಲಿ ಅವಳ ಗೇಟು ಒಂದು ಕಡೆ, ನನ್ನದು ಇನ್ನೊಂದು ಕಡೆ. ವಿದಾಯದ ಮಾತೇನೂ ಆಗಲಿಲ್ಲ. ಹೇಗೂ ಮರುದಿನ ಅಂಧೇರಿಯ ಅದೇ ಮನೆಯಲ್ಲಿ ಸಿಗುವವರು. ಡಿಸೆಂಬರ್ 28ಕ್ಕೆ ಅವಳ ಪೆಟ್ಟಿಗೆಗಳು ಹೋದವು. ಆ ದಿನ ನಾನು ಮಸ್ಕತ್‌ಗೆ ಹೋಗಿ-ಬರುವ ಡ್ಯೂಟಿಯಲ್ಲಿದ್ದೆ.

ಈಗ ಸಕಲೇಶಪುರದಲ್ಲಿ ರೊಬಸ್ಟಾ ಕುಯ್ಲು ನಡೆಯುತ್ತಿದೆ. ಹೋದ ವಾರ ಒಂದು ಫೋಟೊ ಕಳಿಸಿದ್ದಳು. ಹನೋಯಿಯಿಂದ ತಂದ ಫಿನ್ ಜಗಲಿಯ ಮೇಲಿದೆ, ಅವರ ಅಪ್ಪ ಬಗ್ಗಿ ಅನುಮಾನದಿಂದ ನೋಡುತ್ತಿದ್ದಾರೆ. ಕೆಳಗೆ ಬರೆದಿದ್ದಳು: "ಇಳಿಯೋದು ನಿಧಾನ, ನಮ್ಮ ಫಿಲ್ಟರೇ ವಾಸಿ ಅಂತೆ. ಆದ್ರೂ ದಿನಾ ಅದರಲ್ಲೇ ಕುಡೀತಾರೆ." ರೋಸ್ಟರ್ ತೆಗೆದು ನೋಡಿದೆ. ಫೆಬ್ರವರಿಯಲ್ಲಿ ಮೂರು ದಿನ ರಜೆ ಇದೆ. ಮುಂಬೈಯಿಂದ ಮಂಗಳೂರಿಗೆ ವಿಮಾನ, ಅಲ್ಲಿಂದ ಘಾಟಿ ಹತ್ತುವ ಬಸ್ಸು. ಈ ಸಲ ಟಿಕೆಟ್ ಕನ್‌ಫರ್ಮ್ ಮಾಡಿಸಿದ್ದೇನೆ.